ಅಕ್ಕ ತೋಡಿದ ಹೊಂಡ

ಅಕ್ಕನ ಬಲಗೈಯ ಹೆಬ್ಬೆರಳು ಮಡಚುತ್ತಿರಲಿಲ್ಲ. ಯಾವುದೋ ಕಾಲದಲ್ಲಿ ಮೀನಿನ ಮುಳ್ಳು ಗೆಣ್ಣಿಗೇ ಚುಚ್ಚಿ, ಕೀವಾಗಿ, ಗುಣವಾಗುವಾಗ ಹಾಗೇ ಸೆಟೆದು ನಿಂತುಬಿಟ್ಟಿತ್ತು. ಬೈಯುವಾಗ ಮಾತಿಗಿಂತ ಮೊದಲು ಆ ಬೆರಳು ಮುಂದೆ ಬರುತ್ತಿತ್ತು. ಅಕ್ಕ ಬೈಯದ ದಿನವಿರಲಿಲ್ಲ. ನನ್ನ ಒಡಹುಟ್ಟಿದವಳೇನಲ್ಲ; ಕೋಡಿ ಊರಿನಲ್ಲಿ ನಮ್ಮ ಬೇಲಿಯಾಚೆಯ ಮನೆಯವಳು, ಕುಂದಾಪುರದ ಮಾರ್ಕೆಟ್ಟಿನಲ್ಲಿ ಮೀನು ಮಾರುವವಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದಳು.

ಕೆರಾಡಿಯಿಂದಾಚೆ ಕಾಡಂಚಿನ ಶೆಡ್ಡೊಂದರಲ್ಲಿ ಜಾತಿನಾಯಿಗಳನ್ನು ಕಬ್ಬಿಣದ ಗೂಡಿನೊಳಗಿಟ್ಟು, ಮರಿ ಹಾಕಿಸಿ ಮಾರುವ ದಂಧೆ ನಡೆಯುತ್ತಿತ್ತು. ಪೊಲೀಸರು ಬಂದು ಬೀಗ ಜಡಿದರು. ನಡೆಸಿದವನು ಯಾರೆಂಬುದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ಬಿಡಿಸಿದ ನಾಯಿಗಳನ್ನು ಸಾಕುವವರಿಗೆ ಹಂಚಿದಾಗ, ಯಾರೂ ಬೇಡವೆಂದ ಒಂದು ಲ್ಯಾಬ್ರಡಾರ್ ಅಕ್ಕನ ಪಾಲಿಗೆ ಬಂತು. ಮೈಯೆಲ್ಲ ಕಜ್ಜಿ, ಕಣ್ಣಲ್ಲಿ ಪಿಸುರು, ಗೂಡಿನ ಸರಳು ಕಚ್ಚಿ ಕಚ್ಚಿ ಸವೆದ ಹಲ್ಲು. ಮರಿ ಹಾಕಿ ಹಾಕಿ ಹೊಟ್ಟೆ ಜೋತುಬಿದ್ದಿತ್ತು. ಅಂಗಳಕ್ಕಿಳಿಸಿದರೆ ಅದು ಒಂದೊಂದೇ ಕಾಲನ್ನು ಎತ್ತಿ ಹಿಡಿಯುತ್ತಿತ್ತು.

"ಕಾಣ್ ಮಾಣಿ, ಇದ್ ಇಷ್ಟ್ ದಿನ ಮಣ್ಣೇ ಮೆಟ್ಟಿದ್ದಿಲ್ಲೆ" ಎಂದಳು ಅಕ್ಕ. ಅವಳ ಕಣ್ಣು ತುಂಬಿದ್ದನ್ನು ನಾನು ಕಂಡದ್ದು ಅದೇ ಮೊದಲು. ಕೂಡಲೇ ನನ್ನ ಮೇಲೆ ರೇಗಿದಳು: "ಎಂತ ಬಾಯಿ ಬಿಟ್ಕಂಡ್ ನಿಂತದ್ದ್? ನೀರ್ ತಕಬಾ."

ಅವಳು ಅದಕ್ಕೆ ಹೆಸರಿಡಲಿಲ್ಲ, 'ಹೆಣ್ಣೆ' ಎನ್ನುತ್ತಿದ್ದಳು. ಉಪ್ಪಿಲ್ಲದೆ ಬೇಯಿಸಿದ ಮೀನು, ಗಂಜಿ, ಕಜ್ಜಿಗೆ ಮುಲಾಮು. ಕರೆಯುತ್ತಿರಲಿಲ್ಲ, ಮುದ್ದು ಮಾಡುತ್ತಿರಲಿಲ್ಲ; ಪಕ್ಕದಲ್ಲಿ ಬುಟ್ಟಿ ಬೋರಲು ಹಾಕಿ ಕೂತು, ಊರವರನ್ನೆಲ್ಲ ಬೈಯುತ್ತ ಬಲೆಯ ತುಂಡು ಹೊಲಿಯುತ್ತಿದ್ದಳು. ನಾಯಿ ಅವಳ ಧ್ವನಿಗೆ ಒಗ್ಗಿಕೊಂಡಿತು. ಬಾಗಿಲು ಮುಚ್ಚಿದರೆ ಮಾತ್ರ ಉಚ್ಚೆ ಹೊಯ್ದುಕೊಂಡು ನಡುಗುತ್ತಿತ್ತು. ಹಾಗಾಗಿ ಅಕ್ಕ ಮಾರ್ಕೆಟ್ಟಿಗೆ ಹೋಗುವಾಗಲೂ ಬಾಗಿಲು ತೆರೆದೇ ಇಡತೊಡಗಿದಳು. ನಾನು ಎಚ್ಚರಿಸಿದ್ದಕ್ಕೆ, "ಕಳ್ರ್ ಬಂದ್ರೆ ಬರ್ಲಿ. ಎಂತ ಕೊಂಡೋಪುದ್, ನನ್ನ ಒಣ್ಮೀನಾ?" ಎಂದು ನಕ್ಕಳು.

ದನದ ಡಾಕ್ಟರು ನಾಯಿಯ ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು. ಹೃದಯ ಸೋತಿದೆ, ಮರಿಯಾಗದ ಹಾಗೆ ಆಪರೇಷನ್ ಮಾಡೋಣವೆಂದರೆ ಅರಿವಳಿಕೆಯನ್ನೂ ತಡೆಯಲಾರದು, ಇನ್ನೊಂದು ಸಲ ಗಬ್ಬವಾದರೆ ಉಳಿಯುವುದಿಲ್ಲ ಎಂದರು. ಅಕ್ಕನಿಗೂ ಆಗ ಏದುಸಿರು ಹೆಚ್ಚುತ್ತಿತ್ತು. ತಾನಿರುವಾಗಲೇ ಹೆಣ್ಣಿಗೊಂದು ಮನೆ ನೋಡಬೇಕೆಂದು ಹಟ ಹಿಡಿದಳು. ಅವಳು ಹೇಳಿದಂತೆ ನಾನು ಮೊಬೈಲಿನ ಗುಂಪುಗಳಲ್ಲಿ ಫೋಟೋ ಹಾಕಿದೆ.

ಬಿಳಿ ಕಾರಿನಲ್ಲಿ ಗಂಡ ಹೆಂಡತಿ ಬಂದರು. ಸಾಸ್ತಾನದವರಂತೆ. ಮಕ್ಕಳಿಲ್ಲ, ಇದನ್ನೇ ಮಗಳ ಹಾಗೆ ಸಾಕುತ್ತೇವೆ ಎಂದ ಆತನ ಮಾತು ಬೆಣ್ಣೆಯಂತಿತ್ತು. ನನಗಂತೂ ತುಂಬ ಹಿಡಿಸಿದರು. ಹೊಸಬರನ್ನು ಕಂಡರೆ ಮಂಚದಡಿ ಸೇರುತ್ತಿದ್ದ ನಾಯಿ, ಆತನ ಧ್ವನಿ ಕೇಳಿದ್ದೇ ಎದ್ದು ಹೊರಗೆ ಬಂತು. ನಾನು ಖುಷಿಯಿಂದ ಅಕ್ಕನ ಮುಖ ನೋಡಿದೆ.

ನಾಯಿ ನೇರವಾಗಿ ಆತನ ಹತ್ತಿರ ಹೋಯಿತು. ಹೋಗಿ, ತಿರುಗಿ, ಆತನಿಗೆ ಬೆನ್ನು ಕೊಟ್ಟು, ಬಾಲ ಪಕ್ಕಕ್ಕೆ ಸರಿಸಿ ಕಣ್ಣು ಮುಚ್ಚಿ ನಿಂತಿತು. ಆತನ ಕೈ ತಾನೇ ತಾನಾಗಿ ಅದರ ಹೊಟ್ಟೆಯಡಿಗೆ ಹೋಗಿ ತಡವತೊಡಗಿತು. ಅಂಗಡಿಯವನು ಹಣ್ಣು ಒತ್ತಿ ನೋಡುವಂತೆ ಆ ಕೈ ಒತ್ತಿ ನೋಡುತ್ತಿತ್ತು. ನನಗೆ ಕೆರಾಡಿಯಾಚೆಯ ಶೆಡ್ಡು ನೆನಪಾಯಿತು.

"ಹ್ವಾಯ್, ಕೈ ತೆಗಿರಿ" ಎಂದಳು ಅಕ್ಕ. ಧ್ವನಿ ಏರಿಸಲಿಲ್ಲ. "ನಾಯಿ ಕೊಡುಕಾತಿಲ್ಲೆ."

ಆತ ಕಾರಣ ಕೇಳಲಿಲ್ಲ. ಕಾರಿನ ಬಾಗಿಲು ತೆರೆದು, ನಗುತ್ತಲೇ ಹೇಳಿದ: "ನೀವು ಮನೆಯ ಬಾಗಿಲು ಯಾವಾಗಲೂ ತೆರೆದೇ ಇಡ್ತೀರಂತಲ್ಲ ಅಮ್ಮ. ಜಾಗ್ರತೆ." ಅದನ್ನು ನಾವು ಅವನಿಗೆ ಹೇಳಿರಲಿಲ್ಲ.

ಸಾಸ್ತಾನದಲ್ಲಿ ವಿಚಾರಿಸಿದರೆ ಅಂಥವರ ಗುರುತು ಯಾರಿಗೂ ಇರಲಿಲ್ಲ. ಕಾರು ಮಾತ್ರ ನಮ್ಮ ಓಣಿಯಲ್ಲಿ ಮತ್ತೆ ಮತ್ತೆ ನಿಧಾನವಾಗಿ ಹಾದುಹೋಗುತ್ತಿತ್ತು. ಅಕ್ಕ ನಾಯಿಯನ್ನು ನಮ್ಮಲ್ಲಿ ಬಿಟ್ಟು, ಬಾಗಿಲು ಮುಚ್ಚಿ ಮಾರ್ಕೆಟ್ಟಿಗೆ ಹೋಗಿದ್ದ ಒಂದು ದಿನ, ಅವಳ ಹಿಂಬಾಗಿಲ ಚಿಲಕ ಕಿತ್ತುಬಂದಿತ್ತು. ಮನೆಯೊಳಗೆ ಒಂದು ಚಮಚವೂ ಹೋಗಿರಲಿಲ್ಲ. ಮಂಚ ಮಾತ್ರ ಎಳೆದು ಬದಿಗಿಟ್ಟಿದ್ದರು.

ಪೊಲೀಸರಿಗೆ ಹೇಳೋಣವೆಂದೆ.

"ಎಂತ ಹೇಳ್ತಿ? ನಾಯಿ ತಿರ್ಗಿ ನಿಂತಿತ್ ಅಂದೇಳಿ ಹೇಳ್ತಿಯಾ?"

ಮಾರನೆಯ ಬೆಳಿಗ್ಗೆ ನಾನು ಹೆಣ್ಣನ್ನು ಗೆಳೆಯನ ವ್ಯಾನಿನಲ್ಲಿ ದೂರದ ಒಂದು ಮನೆಗೆ ಮುಟ್ಟಿಸಿ ಬಂದೆ. ಇತ್ತ ಅಕ್ಕ ಹಿತ್ತಿಲಲ್ಲಿ ಹೊಂಡ ತೋಡಿ, ಹಳೆಯ ಮೀನುಬುಟ್ಟಿಯನ್ನು ಗೋಣಿಯಲ್ಲಿ ಸುತ್ತಿ ಹುಗಿದು, ನಾಯಿ ಸತ್ತಿತೆಂದು ಕೇರಿಯೆಲ್ಲ ಸೇರುವ ಹಾಗೆ ಎದೆ ಬಡಿದುಕೊಂಡು ಅತ್ತಳು. ಹೆಂಗಸರು ಸಮಾಧಾನ ಮಾಡಿದರು. ನಾನು ಬಂದಾಗಲೂ ಅಳು ನಿಂತಿರಲಿಲ್ಲ. ಜನ ಚದುರಿದ ಮೇಲೂ ಅಳುತ್ತಿದ್ದುದನ್ನು ನೋಡಿ, ಇನ್ನು ಸಾಕು ಅಕ್ಕ, ಯಾರೂ ಇಲ್ಲ ಎಂದೆ.

"ನಾ ಅದನ್ ಕಾಂಬುಕ್ ಹೋರೆ ನನ್ ಹಿಂದೆಯೇ ಅವ ಬತ್ತ" ಎಂದಳು. "ನಂಗೆ ಅದ್ ಸತ್ತ್ ಹಾಂಗೇ ಅಲ್ದಾ ಮಾಣಿ?"

ಆಮೇಲೆ ಅವಳು ಹೆಣ್ಣಿನ ಸುದ್ದಿಯನ್ನು ಒಮ್ಮೆಯೂ ಕೇಳಲಿಲ್ಲ. ನಾನಾಗಿ ಹೇಳಹೋದರೂ ಬೆರಳೆತ್ತಿ ಬಾಯಿ ಮುಚ್ಚಿಸುತ್ತಿದ್ದಳು. ಮಳೆಗಾಲದ ಕೊನೆಗೆ ಏದುಸಿರು ಜೋರಾಗಿ, ಆಸ್ಪತ್ರೆಯಲ್ಲೇ ತೀರಿಕೊಂಡಳು.

ಅಕ್ಕನ ಬೊಜ್ಜದ ದಿನ, ಉತ್ತರಕ್ರಿಯೆಯ ಊಟಕ್ಕೆ ಎಲೆ ಹಾಸುತ್ತಿದ್ದಾಗ ಆತ ಬಂದ. ಬಿಳಿ ಅಂಗಿ, ಅದೇ ಬೆಣ್ಣೆಯ ಮಾತು. ದುಃಖ ಹೇಳಿಕೊಂಡ. ಮೆಲ್ಲಗೆ ಹಿತ್ತಿಲಿಗೆ ಹೋಗಿ, ಹೊಂಡದ ಮೇಲಿನ ಮಣ್ಣನ್ನು ಚಪ್ಪಲಿಯ ತುದಿಯಿಂದ ಕೆದಕುತ್ತ ನನ್ನನ್ನು ಕೇಳಿದ: "ನಾಯಿಯನ್ನು ಇಲ್ಲೇ ಹುಗಿದದ್ದಾ?"

"ಹೌದು" ಎಂದೆ. ಅಕ್ಕ ಅತ್ತದ್ದು ನೆನಪಾಗಿ ನನಗೂ ಅಳು ಬಂತು. ಆತ ನನ್ನ ಮುಖವನ್ನೇ ನೋಡಿದ, ಊಟ ಮಾಡದೆ ಹೊರಟುಹೋದ.

ಹೆಣ್ಣು ಇನ್ನೂ ಇದೆ. ಕಜ್ಜಿ ಮಾಯವಾಗಿದೆ, ಮಣ್ಣಿನಲ್ಲಿ ಹೊರಳುತ್ತದೆ, ಯಾರಾದರೂ ಬಂದರೆ ಬೊಗಳುವುದನ್ನೂ ಕಲಿತಿದೆಯಂತೆ. ಯಾವ ಊರಿನಲ್ಲಿ ಎಂದು ನಾನು ಇಲ್ಲಿಯೂ ಬರೆಯುವುದಿಲ್ಲ.