ಟ್ಯಾಂಕಿನ ಮುಚ್ಚಳಕ್ಕೆ ಕಟ್ಟಿದ ದಾರ

ನನಗೆ ಅನುಮಾನ ಜಾಸ್ತಿ. ಇದನ್ನು ನನ್ನ ಹೆಂಡತಿ ಮದುವೆಯಾದ ವಾರದೊಳಗೇ ಕಂಡುಹಿಡಿದಿದ್ದಳು. ನಾನು ಒಪ್ಪಿಕೊಳ್ಳಲು ಒಂದು ಲಾರಿ ಬೇಕಾಯಿತು. ದೊಡ್ಡಬಳ್ಳಾಪುರದಲ್ಲಿ ನಮ್ಮದು ನಾಲ್ಕು ಪವರ್‌ಲೂಮಿನ ಮನೆ. ಮಗ್ಗದಿಂದ ಇಳಿದ ಸೀರೆಯನ್ನು ಬೆಳಕಿಗೆ ಹಿಡಿದು ಎಲ್ಲಿ ಎಳೆ ತಪ್ಪಿದೆ ಎಂದು ಹುಡುಕುವುದು ನನ್ನ ಪಾಲಿನ ಕೆಲಸ. ಹುಡುಕಿ ಹುಡುಕಿ ಮನುಷ್ಯರನ್ನೂ ಹಾಗೆಯೇ ನೋಡುವ ಚಾಳಿ ಅಂಟಿಕೊಂಡಿತು.

ತೊಂಬತ್ತರ ದಶಕದ ನಡುವೆ ಒಂದು ಸೆಕೆಂಡ್ ಹ್ಯಾಂಡ್ ಲಾರಿ ತೆಗೆದುಕೊಂಡೆ. ನಮ್ಮ ತಾಲ್ಲೂಕಿನ ಮಧುರೆ ಕಡೆಯ ತೋಪುಗಳಿಂದ ನೀಲಗಿರಿ ಮರ ತುಂಬಿಕೊಂಡು ಬರುವ ಕೆಲಸ. ಮೊದಲ ಡ್ರೈವರ್ ಬಿಟ್ಟು ಹೋದ ಮೇಲೆ ಮಧುರೆಯ ರೈತರ ಮನೆಯವನೊಬ್ಬ ಸೇರಿಕೊಂಡ. ಮೂವತ್ತು ದಾಟಿದವನು, ಎರಡು ಮಕ್ಕಳ ತಂದೆ. ಬೆಳಿಗ್ಗೆ ಚಪ್ಪಲಿ ಕೆಳಗೆ ಬಿಟ್ಟು, ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡೇ ಗಾಡಿ ಸ್ಟಾರ್ಟ್ ಮಾಡುತ್ತಿದ್ದ. ಮಾತು ಮಾತ್ರ ಬಹಳ ಕಡಿಮೆ. ಮಾತು ಕಡಿಮೆ ಇರುವವರನ್ನು ನಾನು ಸುಲಭಕ್ಕೆ ನಂಬುವವನಲ್ಲ.

ಅವನು ಬಂದು ನಾಲ್ಕು ತಿಂಗಳಾಗಿರಬೇಕು. ಒಂದು ದಿನ ಮರ ಇಳಿಸಿ ಬಂದವನು ಹೇಳಿದ, “ಅಣ್ಣ, ಗಾಡಿ ಎಳೀತಿಲ್ಲ. ಖಾಲಿ ಇದ್ರೆ ಓಡುತ್ತೆ. ಲೋಡ್ ಹಾಕಿದ್ರೆ ಏರಲ್ಲಿ ಉಸಿರೇ ಇಲ್ಲ, ಸೆಕೆಂಡ್ ಗೇರಿಗೆ ಬಂದ್ಬಿಡುತ್ತೆ.”

ನನ್ನ ತಲೆಯಲ್ಲಿ ಆಗಲೇ ತೀರ್ಪು ಬರೆದಾಗಿತ್ತು. ಡೀಸೆಲ್ ತೆಗೆದು ಮಾರಿ, ಆ ಜಾಗಕ್ಕೆ ಸೀಮೆಎಣ್ಣೆ ಸುರಿಯುವ ಡ್ರೈವರುಗಳ ಕಥೆ ಲಾರಿ ಇಟ್ಟವರೆಲ್ಲ ಹೇಳುತ್ತಿದ್ದರು. ಸೀಮೆಎಣ್ಣೆ ಬೆರೆತರೆ ಗಾಡಿ ಎಳೆಯುವುದಿಲ್ಲ. ಕಳ್ಳತನ ಮಾಡಿದವನೇ ಮೊದಲು ಬಂದು ದೂರು ಹೇಳುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಎಂಥ ಜಾಣ ನಾನು!

ಅಂದಿನಿಂದ ಟ್ಯಾಂಕಿನ ಡೀಸೆಲ್ ಅಂಗೈಗೆ ಹಾಕಿಕೊಂಡು ಉಜ್ಜಿ ಮೂಸತೊಡಗಿದೆ. ಒಂದು ದಿನ ಸೀಮೆಎಣ್ಣೆಯ ವಾಸನೆ ಬಂದಂತಾಗುತ್ತಿತ್ತು, ಮರುದಿನ ಇಲ್ಲ. “ಊಟಕ್ಕೆ ಕೂತಾಗಲೂ ಕೈ ನಾರುತ್ತೆ, ಏನ್ರೀ ಇದು ಕರ್ಮ” ಎಂದು ಹೆಂಡತಿ ಬೈದಳು. ಮೂಗನ್ನು ನಂಬಿ ಸಾಕಾಗಿ, ಕೈಗೆ ಗೊತ್ತಿರುವ ವಿದ್ಯೆಗೆ ಇಳಿದೆ. ಮಗ್ಗದ ಮೇಲೆ ಕೂತು ಸೀರೆಗೆ ಚಿತ್ತಾರ ಎತ್ತುವ ಜಕಾರ್ಡಿನ ನೈಲಾನ್ ದಾರ ತಂದು, ಟ್ಯಾಂಕಿನ ಮುಚ್ಚಳಕ್ಕೆ ಅಡ್ಡಡ್ಡ ಬಿಗಿದು, ಮಗ್ಗದಲ್ಲಿ ಕಡಿದ ಎಳೆಗೆ ಹಾಕುವ ಚಪ್ಪಟೆ ಗಂಟು ಹಾಕಿದೆ. ನೇಕಾರನಲ್ಲದವನು ಅದನ್ನು ಬಿಚ್ಚಬಹುದು, ಮತ್ತೆ ಹಾಗೆಯೇ ಕಟ್ಟಲು ಅವನ ಅಪ್ಪನಿಂದಲೂ ಆಗದು.

ಡ್ರೈವರ್ ನಿಂತು ನೋಡುತ್ತಿದ್ದ. “ಏನಣ್ಣ ಇದು?”

“ಮುಚ್ಚಳ ಸಡಿಲ ಆಗಿದೆ” ಎಂದೆ. ಅವನು ಮುಚ್ಚಳವನ್ನೂ ನನ್ನನ್ನೂ ನೋಡಿ ಗಾಡಿ ಹತ್ತಿದ.

ವಾರ ಕಳೆಯಿತು. ಡೀಸೆಲ್ ಹಾಕಿಸುವಾಗ ನಾನೇ ಬಂಕಿಗೆ ಹೋಗಿ ದಾರ ಕತ್ತರಿಸಿ, ಹಾಕಿಸಿದ ಮೇಲೆ ಹೊಸದು ಕಟ್ಟಿ ಬರುತ್ತಿದ್ದೆ. ಗಂಟು ಒಮ್ಮೆಯೂ ಕದಲಲಿಲ್ಲ. ಗಾಡಿಯೂ ಎಳೆಯಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ನಾಚಿಕೊಳ್ಳುತ್ತಿದ್ದರು. ನಾನು ಟ್ಯಾಂಕಿನ ಕೆಳಗೆ ಡೀಸೆಲ್ ಇಳಿಸಲು ಬಿಚ್ಚುವ ಒಂದು ಬೋಲ್ಟ್ ಇರುವುದನ್ನು ನೆನೆಸಿಕೊಂಡೆ.

ಆ ವಾರವೇ ಅವನು ಬಾನೆಟ್ ಎತ್ತಿಕೊಂಡು ಕರೆದ. “ಅಣ್ಣ, ಸೀಟಲ್ಲಿ ಕೂತ್ಕೊಂಡು ಆಕ್ಸಿಲೇಟರ್ ಒತ್ತಿ ಹಿಡ್ಕೊಳಿ. ಇಂಜಿನ್ನಿಗೆ ಡೀಸೆಲ್ ಬಿಡೋ ಪಂಪಿನ ಲಿವರ್ ಎಲ್ಲೀವರ್ಗೂ ಬರುತ್ತೆ ನೋಡ್ಬಿಡ್ತೀನಿ. ಒಬ್ನೇ ಒತ್ಕೊಂಡು ನೋಡಕ್ಕಾಗಲ್ಲ.”

“ನನ್ನನ್ನ ಮೇಲೆ ಕೂರಿಸಿ ಕೆಳಗೆ ನೀನೇನ್ ಮಾಡ್ತೀಯಪ್ಪಾ?” ಎಂದುಬಿಟ್ಟೆ. ಅವನ ಮುಖ ಕಪ್ಪಿಟ್ಟಿತು. ಬಾನೆಟ್ ಮುಚ್ಚಿ ಹೊರಟುಹೋದ.

ನಾನು ಅಷ್ಟಕ್ಕೇ ನಿಲ್ಲಲಿಲ್ಲ. ಶುಕ್ರವಾರ ನಮ್ಮ ಮನೆದೇವರ ಗುಡಿಗೆ ಬಂದು ಕರ್ಪೂರ ಆರಿಸಿ ಆಣೆ ಮಾಡಬೇಕು, ಇಲ್ಲದಿದ್ದರೆ ಕೀ ಕೊಟ್ಟು ಹೋಗಬೇಕು ಎಂದೆ. ನಮ್ಮ ಕಡೆ ಕರ್ಪೂರ ಆರಿಸು ಎಂದರೆ ನೀನು ಕಳ್ಳ ಎಂದಂತೆಯೇ. ಆಣೆ ಮಾಡಿ ಗೆದ್ದವನಿಗೂ ಆ ಹೆಸರು ಪೂರ್ತಿ ಹೋಗುವುದಿಲ್ಲ. ಮುಂದೆ ಆ ಸುತ್ತಿನಲ್ಲಿ ಯಾರೂ ಅವನ ಕೈಗೆ ಗಾಡಿ ಕೊಡುವುದಿಲ್ಲ. ಅದು ನನಗೂ ಗೊತ್ತಿತ್ತು, ಅವನಿಗೂ.

“ಮಾಡ್ತೀನಿ ಅಣ್ಣ. ಆದ್ರೆ ಮೊದ್ಲು ಮೆಕ್ಯಾನಿಕ್‌ಗೆ ತೋರ್ಸಿ. ಆಣೆ ಮಾಡಿದ್ಮೇಲೂ ಗಾಡಿ ಎಳೀದಿದ್ರೆ ನನ್ನ ಆಣೆನ ಯಾರ್ ನಂಬ್ತಾರೆ?”

ಗುರುವಾರ ದೇವನಹಳ್ಳಿ ರಸ್ತೆಯ ಗ್ಯಾರೇಜಿಗೆ ಹೋದೆವು. ಅಲ್ಲಿಯ ಮೆಕ್ಯಾನಿಕ್ ವಯಸ್ಸಾದ ಸಾಹೇಬರು. ಡ್ರೈವರ್ ಅವರಿಗೆ ಸಲಾಂ ಹೇಳಿದ್ದನ್ನು ನೋಡಿ, ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೋ ಎಂದು ಅದಕ್ಕೂ ತಲೆಗೆ ಹುಳ ಬಿಟ್ಟುಕೊಂಡೆ. ಸಾಹೇಬರು ಫಿಲ್ಟರ್ ಬಿಚ್ಚಿದರು, ಚೊಕ್ಕಟವಾಗಿತ್ತು. ಡೀಸೆಲನ್ನು ಬೆರಳಿಗೆ ಹಚ್ಚಿ ಮೂಸಿ, “ಮಾಲು ಚೆನ್ನಾಗೈತೆ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಯಜಮಾನ್ರೇ, ಮೇಲೆ ಹತ್ತಿ. ಆಕ್ಸಿಲೇಟರ್ ಪೂರ್ತಿ ಒತ್ತಿ” ಎಂದರು.

ಒತ್ತಿದೆ.

“ಪೂರ್ತಿ ಒತ್ತಿ.”

“ಪೂರ್ತಿ ಒತ್ತಿದ್ದೀನಿ ಸಾಬ್ರೇ, ಕಾಲು ನೆಲಕ್ಕೆ ತಾಗಿದೆ.”

“ಹಂಗಾದ್ರೆ ಇಳ್ದು ಬನ್ನಿ. ನೀವೇ ನೋಡಿ.”

ಡ್ರೈವರ್ ಸೀಟಿಗೆ ಹೋಗಿ ಒತ್ತಿದ. ನಾನು ಬಗ್ಗಿ ನೋಡಿದೆ. ಪೆಡಲಿನಿಂದ ಬರುವ ಕಂಬಿ ಎಳೆಯಿತು, ಪಂಪಿನ ಲಿವರ್ ಅರ್ಧಕ್ಕಿಂತ ತುಸು ಮುಂದೆ ಬಂದು ನಿಂತಿತು. ಪಂಪಿನ ಮೇಲೆ ಅದು ತಾಗಬೇಕಾದ ಬೋಲ್ಟಿಗೆ ಇನ್ನೂ ಒಂದು ಬೆರಳು ಬಾಕಿ. ಎಷ್ಟು ಒತ್ತಿದರೂ ಅಷ್ಟೇ. ಕಂಬಿಯ ತುದಿಯಲ್ಲಿ ಗುಂಡು ಕೂರುವ ಕೀಲು ಸವೆದಿತ್ತು. ಅದು ಕಳಚದಂತೆ ಯಾರೋ ಸುತ್ತಿದ್ದ ದಾರ ಇಂಜಿನ್ ಶಾಖಕ್ಕೆ ಹಿಗ್ಗಿ ಜೋಲುಬಿದ್ದಿತ್ತು. ಕಂಬಿಯ ಎಳೆತವೆಲ್ಲ ಆ ಸಡಿಲಿನಲ್ಲೇ ಕಳೆದುಹೋಗುತ್ತಿತ್ತು.

ಸಾಹೇಬರು ಸ್ಕ್ರೂಡ್ರೈವರಿನಿಂದ ದಾರವನ್ನು ಮೀಟಿದರು. “ಇದ್ಯಾರು ಕಟ್ಟಿದ್ದು? ಗಂಟು ಮಾತ್ರ ಭಾರಿ ಗಟ್ಟಿ.”

ಎಣ್ಣೆ, ಧೂಳು ಮೆತ್ತಿ ಕಪ್ಪಾಗಿತ್ತು. ಆದರೂ ನನ್ನ ಕೈ ನನಗೆ ಗೊತ್ತಾಗದೆ ಇರುತ್ತದೆಯೇ? ಹಳೆಯ ಡ್ರೈವರ್ ಇದ್ದಾಗ ರಾಜಘಟ್ಟದ ಹತ್ತಿರ ಕೀಲು ಕಳಚಿ ಗಾಡಿ ನಿಂತಿತ್ತು. ಜೇಬಿನಲ್ಲಿದ್ದ ಜಕಾರ್ಡ್ ದಾರ ಸುತ್ತಿ, ಗ್ಯಾರೇಜೂ ಬೇಡ ಏನೂ ಬೇಡ ಎಂದು ಮೀಸೆ ತಿರುವಿದವನು ನಾನೇ. ಕಡಿದದ್ದಕ್ಕೆಲ್ಲ ಗಂಟು ಹಾಕಿ ಮರೆಯುವುದು ನಮ್ಮ ಮನೆಯ ಅಭ್ಯಾಸ. ಮರೆತೂ ಬಿಟ್ಟಿದ್ದೆ.

ಡ್ರೈವರ್ ಇಳಿದು ಬಂದು ಬಗ್ಗಿದ. ಗಂಟಿನ ಮೇಲಿನ ಎಣ್ಣೆಯನ್ನು ಬೆರಳಿನಿಂದ ಒರೆಸಿ ನೋಡಿದ.

“ಟ್ಯಾಂಕ್ ಮೇಲೆ ಕಟ್ಟಿದೀರಲ್ಲ, ಅದೇ ಗಂಟು ಅಲ್ವಾ ಅಣ್ಣ ಇದು?”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಾಹೇಬರು ಹಳೆಯ ಕೀಲು ಬಿಚ್ಚಿ ಹೊಸದು ಹಾಕಿ, ಲಿವರ್ ಬೋಲ್ಟಿಗೆ ಟಕ್ಕೆಂದು ತಾಗುವವರೆಗೆ ಕಂಬಿಯನ್ನು ಹೊಂದಿಸಿದರು. ನಾನು ಅವರ ಕತ್ತರಿ ಈಸಿಕೊಂಡು ಟ್ಯಾಂಕಿನ ದಾರ ಕತ್ತರಿಸಿದೆ. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಬೇಕಿತ್ತು, ಹೇಳಲಿಲ್ಲ. “ಶುಕ್ರವಾರ ಗುಡಿಗೆ ಬರೋದು ಬೇಡಪ್ಪಾ” ಎಂದೆ, ಅಷ್ಟೇ.

ಅವನು ಬಿಟ್ಟು ಹೋಗುತ್ತಾನೆ ಅಂದುಕೊಂಡಿದ್ದೆ, ಹೋಗಲಿಲ್ಲ. ನಾನು ಲಾರಿ ಮಾರುವವರೆಗೂ ಅವನೇ ಓಡಿಸಿದ. ಮರ ತುಂಬಿದ ಗಾಡಿ ಏರಿನಲ್ಲಿ ಗುನುಗುತ್ತಾ ಹತ್ತುತ್ತಿತ್ತು. ಆದರೆ ಪ್ರತಿ ಸಲ ಡೀಸೆಲ್ ಹಾಕಿಸಿ ಮನೆಗೆ ಬಂದಾಗಲೂ ಟ್ಯಾಂಕಿನ ಮುಚ್ಚಳ ತೆಗೆದು, ಪಕ್ಕಕ್ಕೆ ಸರಿದು ನಿಂತು, ಮಗ್ಗದ ಸದ್ದಿನ ಮೇಲೆ ಕೇಳುವಂತೆ ಕೂಗುತ್ತಿದ್ದ: “ಅಣ್ಣ, ಬಂದು ಮೂಸ್ಬಿಡಿ.”

ಬೇಡ ಎಂದರೆ ಮುಚ್ಚಳ ಹಾಕುತ್ತಿರಲಿಲ್ಲ. ಹೋಗಿ ಬಗ್ಗಿ ಮೂಸುತ್ತಿದ್ದೆ.