ಸರ್ವರ್ ಸಿದ್ಧಲಿಂಗೇಶ

ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ ಸಿದ್ಧಲಿಂಗೇಶನಿಗೆ, ತನ್ನಿಂದಲೂ ತಪ್ಪಾಗಬಹುದು ಎಂಬ ಅನುಮಾನ ಈವರೆಗೆ ಬಂದದ್ದಿಲ್ಲ. ಎದುರಿಗೇ ನನ್ನ ಜೆರಾಕ್ಸ್ ಅಂಗಡಿ ಇರುವುದರಿಂದ ಬಹಳ ವರ್ಷಗಳಿಂದ ನೋಡಿಕೊಂಡು ಬಂದಿದ್ದೇನೆ. ಫೋಟೋದಲ್ಲಿ ಹೆಣ್ಣಿನ ಸೋದರಮಾವನ ತಲೆ ಅರ್ಧ ಹೋಗಿದ್ದರೆ, ಎಲ್ಲಿ ನಿಲ್ಲಬೇಕೆಂಬುದು ಆ ಮಾವನಿಗೆ ಗೊತ್ತಿರಲಿಲ್ಲ. ಮುಹೂರ್ತದ ಹೊತ್ತಿಗೆ ಕ್ಯಾಮೆರಾದ ಬ್ಯಾಟರಿ ಮುಗಿದಿದ್ದರೆ, ಶಾಸ್ತ್ರಿಗಳು ಮಂತ್ರವನ್ನು ಎಳೆದರು. ಅವನ ಲೆಕ್ಕದಲ್ಲಿ ಶಿಕಾರಿಪುರದಲ್ಲಿ ಸರಿಯಾಗಿ ಕೆಲಸ ಮಾಡುವವನು ಒಬ್ಬನೇ.

ಅವನು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಮದುವೆಮನೆಗಳಲ್ಲಿ ಊಟ ಮಾಡಿ ಬರುತ್ತಾನೆ. ತಂದದ್ದನ್ನು ನೋಡುವ ಹಾಗೆ ಮಾಡುವವಳು ಹೆಂಡತಿ ಸೌಂದರ್ಯ. ಸ್ಟುಡಿಯೋದ ಮೇಲಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ಅಲುಗಾಡಿದ್ದನ್ನು ಕತ್ತರಿಸಿ, ಹಾಡು ಕೂಡಿಸಿ, ಮದುವೆಯನ್ನು ಮದುವೆಯಂತೆ ಕಾಣಿಸುತ್ತಾಳೆ. ಹೊರಗಿನ ಬೋರ್ಡಿನ ಮೇಲೆ ಇರುವುದು ಅವನ ಹೆಸರು ಮಾತ್ರ.

ಕಳೆದ ವರ್ಷ ಮದುವೆಯ ಸುಗ್ಗಿಗೆ ಮುಂಚೆ ಅವನು ಒಂದು ಕಪ್ಪು ಪೆಟ್ಟಿಗೆ ತರಿಸಿದ. ಒಳಗೆ ನಾಲ್ಕು ಹಾರ್ಡ್‌ಡಿಸ್ಕು. ತೆಗೆದ ವಿಡಿಯೋಗಳೆಲ್ಲ ಕೆಳಗೆ ಅದರಲ್ಲಿ ಇರುತ್ತವೆ, ಸೌಂದರ್ಯ ಮೇಲಿನಿಂದಲೇ ಗೋಡೆಯೊಳಗಿನ ವೈರಿನ ಮೂಲಕ ಬೇಕಾದ್ದನ್ನು ಎಳೆದುಕೊಳ್ಳುತ್ತಾಳೆ ಎಂಬುದು ವ್ಯವಸ್ಥೆ. ಗೋಡೆ ಕೊರೆಸಿ ಆ ವೈರನ್ನು ಅವನೇ ಎಳೆದು, ಮೇಲೆ ಸಿಮೆಂಟು ಮೆತ್ತಿಸಿ, ಬಣ್ಣ ಹೊಡೆಸಿದ. ಪೆಟ್ಟಿಗೆಗೆ ವಿಭೂತಿ ಹಚ್ಚಿ, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು, "ಇದು ನಮ್ಮ ಸರ್ವರ್" ಎಂದು ತೋರಿಸಿದ. ಯಾವ ಹೋಟೆಲಿನ ಸರ್ವರ್ ಎಂದು ಯಾರೋ ಕೇಳಿದರು. ಅಂದಿನಿಂದ ಊರಿನಲ್ಲಿ ಅವನಿಗೆ ಅದೇ ಹೆಸರು. ಅವನು ಅದನ್ನು ಬಿರುದು ಎಂದುಕೊಂಡ.

ಸರ್ವರ್ ಬಂತು, ಕೆಲಸ ನಿಂತಿತು. ಹಿಂದೆ ಡಿಸ್ಕನ್ನು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಗ ಸೌಂದರ್ಯಳ ಕೆಲಸ ಬೇಗನೆ ಆಗುತ್ತಿತ್ತು. ಈಗ ಒಂದು ಮದುವೆಯ ಫೈಲುಗಳನ್ನು ಬೆಳಗಿನ ತಿಂಡಿಗೆ ಮುಂಚೆ ಕಾಪಿಗೆ ಹಚ್ಚಿದರೆ ಸಂಜೆ ದೀಪ ಹಚ್ಚುವ ಹೊತ್ತಾದರೂ ಮುಗಿಯುತ್ತಿರಲಿಲ್ಲ. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಸೌಂದರ್ಯ ಇದನ್ನು ಹೇಳಿದಾಗ, ನೀನು ಕಂಪ್ಯೂಟರಿನಲ್ಲಿ ಒಂದೇ ಸಲಕ್ಕೆ ಹತ್ತು ಕಿಟಕಿ ತೆರೆದುಕೊಂಡು ಕೂರುತ್ತೀಯ, ಅದಕ್ಕೇ ಹೀಗೆ ಎಂದ. ಅವಳು ಒಂದೇ ತೆರೆದು ತೋರಿಸಿದಳು. ಆಗ ಅಡುಗೆಮನೆಯ ಮಿಕ್ಸಿಯ ತಪ್ಪಾಯಿತು. ಕಾಪಿ ನಡೆಯುವಾಗ ಚಟ್ನಿ ರುಬ್ಬಬಾರದೆಂದು ಹುಕುಂ ಹೊರಡಿಸಿದ. ಆ ಮನೆಯವರು ಒಂದಷ್ಟು ಕಾಲ ದೋಸೆಗೆ ಚಟ್ನಿಪುಡಿ ಹಚ್ಚಿಕೊಂಡು ತಿಂದರು. ಫೈಲು ಮಾತ್ರ ಮೊದಲಿನ ನಡಿಗೆಯಲ್ಲೇ ನಡೆಯಿತು.

ಮಿಕ್ಸಿಯಾದ ಮೇಲೆ ಕಲ್ಲಪ್ಪ. ಆ ಮನೆಗೆ ಮೊದಲಿನಿಂದ ಕರೆಂಟಿನ ಕೆಲಸ ಮಾಡಿಕೊಂಡು ಬಂದವನು. ಅವನು ಕೊಟ್ಟ ಅರ್ಥಿಂಗ್ ಸರಿಯಿಲ್ಲ, ಅದಕ್ಕೇ ತನ್ನ ಸರ್ವರ್ ಸೊರಗಿದೆ ಎಂದು ಸಿದ್ಧಲಿಂಗೇಶ ರಸ್ತೆಯಲ್ಲಿ, ನನ್ನ ಅಂಗಡಿಯ ಗಿರಾಕಿಗಳ ಮುಂದೆ, ಆ ಮನುಷ್ಯನನ್ನು ಬಾಯಿಗೆ ಬಂದಂತೆ ಬೈದ. ಕಲ್ಲಪ್ಪ ಮೀಟರ್ ತಂದು ತೋರಿಸಿದರೂ ನೋಡಲಿಲ್ಲ. ಕಲ್ಲಪ್ಪ ಸಾಮಾನಿನ ಚೀಲ ಎತ್ತಿಕೊಂಡು, ಇನ್ನು ಈ ಮನೆಯಲ್ಲಿ ಬಲ್ಬು ಹೋದರೂ ನನ್ನನ್ನು ಕರೆಯಬೇಡಿ ಎಂದು ಹೇಳಿ ಹೋದ.

ಆಮೇಲೆ ಇಂಟರ್ನೆಟ್ಟಿನ ಸರದಿ. ಇರುವುದರಲ್ಲೇ ದೊಡ್ಡ ಪ್ಲಾನು ಹಾಕಿಸಿಕೊಂಡು, ಇಡೀ ತಾಲ್ಲೂಕಿನಲ್ಲಿ ಇಷ್ಟು ವೇಗ ಇನ್ನೊಬ್ಬರ ಮನೆಯಲ್ಲಿಲ್ಲ ಎಂದ. ಅದು ನಿಜವೇ ಇದ್ದಿರಬಹುದು. ಆದರೆ ಒಂದೇ ಮನೆಯಲ್ಲಿ ಕೆಳಗಿನಿಂದ ಮೇಲಕ್ಕೆ ಹೋಗುವ ಫೈಲು ಇಂಟರ್ನೆಟ್ಟಿಗೆ ಕಾಲೇ ಇಡುವುದಿಲ್ಲ. ಬಾವಿಯಿಂದ ಬಚ್ಚಲಿಗೆ ನೀರು ಬರುವುದಿಲ್ಲವೆಂದು ಹೆದ್ದಾರಿ ಅಗಲ ಮಾಡಿಸಿದಂತೆ. ಇದನ್ನು ನಾನು ಮೆಲ್ಲಗೆ ಹೇಳಿದ್ದಕ್ಕೆ, ನೀವು ಜೆರಾಕ್ಸ್ ನೋಡಿಕೊಳ್ಳಿ ಎಂದ.

ಪೆಟ್ಟಿಗೆ ಮಾರಿದ ಅಂಗಡಿಗೂ ಫೋನು ಹೋಯಿತು. ಅಲ್ಲಿನವರು ಮರ್ಯಾದೆಯಿಂದಲೇ, ಒಮ್ಮೆ ವೈರು ಬದಲಿಸಿ ನೋಡಿ ಸರ್ ಎಂದರಂತೆ. "ವೈರ್ ನಾನೇ ಹಾಕೀನ್ರೀ" ಎಂದು ಫೋನಿಟ್ಟ. ಅಲ್ಲಿಗೆ ವೈರಿನ ಮಾತು ಮುಗಿಯಿತು. ಕೊನೆಗೆ ವಾಸ್ತು ನೋಡುವವರನ್ನು ಕರೆಸಿದ. ಪೆಟ್ಟಿಗೆ ಅಗ್ನಿಮೂಲೆಯಿಂದ ಈಶಾನ್ಯಕ್ಕೆ ಹೋಯಿತು, ಜೊತೆಗೆ ಒಂದು ನಿಂಬೆಹಣ್ಣು. ಹೀಗೆ ಸರಿಪಡಿಸುವಾಗೆಲ್ಲ ಅವನು ಪೆಟ್ಟಿಗೆ ಬಂದ್ ಮಾಡುತ್ತಿದ್ದ, ಡಿಸ್ಕು ಬಿಚ್ಚಿ ಹಾಕುತ್ತಿದ್ದ. ನಿಧಾನದ ಕಾಪಿಗಿಂತ ಇವನ ರಿಪೇರಿಯೇ ಹೆಚ್ಚು ದಿನ ತಿಂದಿತು. ಮದುವೆಗಳು ಒಂದರ ಮೇಲೊಂದು ಒಳಗೆ ಕೂತವು. ಮದುವೆಯಾದವರು ಫೋನು ಮಾಡಿ ಮಾಡಿ ಸುಸ್ತಾದರು. ಅವರಿಗೆಲ್ಲ ಇವನದು ಒಂದೇ ಉತ್ತರ: ನಮ್ಮ ಮನೆಯವರ ಕೈ ನಿಧಾನ.

ಈ ಮಾತನ್ನು ಸೌಂದರ್ಯ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಿದ್ದಳು. ಅಂದು ಅವಳು ಅಡುಗೆ ಮಾಡಲಿಲ್ಲ ಎಂಬುದು, ಅವನು ಖಾನಾವಳಿಯಿಂದ ಪೊಟ್ಟಣ ಹಿಡಿದು ಬಂದಾಗ ನನಗೆ ತಿಳಿಯಿತು.

ಸೊರಬದ ವರದಮ್ಮ ಬಂದದ್ದು ಇದಾದ ಮೇಲೆ. ಕುರಿ ಸಾಕಿ, ಹೊಲ ಮಾಡಿ ಮಕ್ಕಳನ್ನು ಬೆಳೆಸಿದ ಹೆಂಗಸು. ಮಗಳು ಮಮತಾಳ ಮದುವೆಯ ವಿಡಿಯೋ ಇವನ ಪೆಟ್ಟಿಗೆಯಲ್ಲೇ ಇತ್ತು. ಆ ಹುಡುಗಿಗೆ ಆಗಲೇ ಬಸುರಿನ ಏಳನೇ ತಿಂಗಳು, ಸೀಮಂತ ಹತ್ತಿರ ಬಂದಿತ್ತು. ಮದುವೆಯಲ್ಲಿ ಓಡಾಡಿದ್ದ ವರದಮ್ಮನ ಅಣ್ಣ ಈ ನಡುವೆ ತೀರಿಕೊಂಡಿದ್ದ. ಅವನು ನಡೆದಾಡುವುದನ್ನು, ನಗುವುದನ್ನು ಅವಳು ಇನ್ನೊಮ್ಮೆ ನೋಡಬೇಕಿತ್ತು. ಅದನ್ನು ಅವಳು ಅಲ್ಲಿ ಯಾರಿಗೂ ಹೇಳಲಿಲ್ಲ, ಸೌಂದರ್ಯಳಿಗೆ ಮಾತ್ರ ಹೇಳಿದಳು. ಸಿದ್ಧಲಿಂಗೇಶನಿಗೆ ಹೇಳಿದ್ದು ಇಷ್ಟೇ: "ಯಾವಾಗ ಕೊಡ್ತಿ ಅಂತ ಕೇಳಾಕೆ ಬಂದಿಲ್ಲ ತಮ್ಮಾ. ಕೊಡಾ ತನ ಇಲ್ಲೇ ಕೂತಿರ್ತೀನಿ." ಎಲೆಯಡಿಕೆ ಚೀಲ ಬಿಚ್ಚಿ, ಫೋಟೋ ತೆಗೆಸುವವರು ಕೂರುವ ಜರಿಯ ಕುರ್ಚಿಯ ಮೇಲೆ ಕೂತೇಬಿಟ್ಟಳು.

ಸಿದ್ಧಲಿಂಗೇಶ ಅವಳಿಗೆ ಈಶಾನ್ಯದ ವಿಷಯ ವಿವರಿಸತೊಡಗಿದ. ಅವನು ಮಾತಾಡುತ್ತಿರುವಾಗಲೇ ಸೌಂದರ್ಯ ಮೇಲಿನ ಕಂಪ್ಯೂಟರನ್ನು ಕಳಚಿ ಕೆಳಗೆ ತಂದಳು. ನನ್ನನ್ನು ಕರೆದು ಪರದೆ ಹೊರಿಸಿದಳು, ಹಾಗಾಗಿ ನಾನೂ ಅಲ್ಲಿದ್ದೆ. ಪೆಟ್ಟಿಗೆಯ ಪಕ್ಕದಲ್ಲೇ ಇಟ್ಟು, ಪೆಟ್ಟಿಗೆಯ ಜೊತೆಗೆ ಬಂದಿದ್ದ ಮೊಳದುದ್ದದ ವೈರನ್ನು ಎರಡಕ್ಕೂ ಸಿಕ್ಕಿಸಿ, ಮಮತಾಳ ಧಾರೆಯ ಫೈಲನ್ನು ಕಾಪಿಗೆ ಹಚ್ಚಿದಳು. ವರದಮ್ಮ ಹಾಕಿಕೊಂಡ ಎಲೆಯಡಿಕೆ ಜಗಿದು ಮುಗಿಸುವ ಮೊದಲೇ ಅದು ಬಂದು ಕೂತಿತ್ತು.

ಸಿದ್ಧಲಿಂಗೇಶ ಪರದೆಯನ್ನೇ ನೋಡುತ್ತ, ಇದು ಹೇಗೋ ಒಂದು ಸಲ ಬಂದಿರಬೇಕು ಎಂದ. ಅವಳು ಇನ್ನೊಂದು ಫೈಲು ಹಚ್ಚಿದಳು, ಅದೂ ಬಂತು. ಪೆಟ್ಟಿಗೆ ಚೆನ್ನಾಗಿದೆ, ಕಂಪ್ಯೂಟರ್ ಚೆನ್ನಾಗಿದೆ, ಇವೆರಡರ ನಡುವೆ ಇದ್ದದ್ದು ಗೋಡೆಯೊಳಗಿನ ವೈರು ಒಂದೇ. ಅವಳು ಗೋಡೆಯಿಂದ ಹೊರಗೆ ಬಂದಿದ್ದ ಅದರ ತುದಿಯನ್ನೂ ಈ ಹೊಸ ವೈರಿನ ತುದಿಯನ್ನೂ ಪಕ್ಕಪಕ್ಕ ಹಿಡಿದಳು. ತುದಿಯ ಪ್ಲಗ್ಗು ಗಾಜಿನ ಹಾಗೆ ಪಾರದರ್ಶಕ, ಒಳಗಿನ ಎಳೆಗಳು ಬಣ್ಣಬಣ್ಣವಾಗಿ ಕಾಣುತ್ತವೆ. ವರದಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು.

"ಇದ್ರಾಗೆ ಎಂಟು ಅದಾವೆ. ಅದ್ರಾಗೆ ಅರ್ಧ ಖಾಲಿ ಅದೆಯಲ್ಲ ತಂಗಿ."

ಎಲ್ಲಿಂದ ತಂದಿರಿ ಈ ವೈರನ್ನು ಎಂದು ಸೌಂದರ್ಯ ಕೇಳಿದಳು. ಅವನು ಮೊದಲು ನೆನಪಿಲ್ಲವೆಂದ. ಮತ್ತೆ ಕೇಳಿದ ಮೇಲೆ ಬಾಯಿ ಬಿಟ್ಟ: ನೆಂಟರ ಗೋದಾಮಿಗೆ ಕಾವಲು ಕ್ಯಾಮೆರಾ ಹಾಕಿಸಿದಾಗ ಮಿಕ್ಕ ಸುರುಳಿ. ನಾಲ್ಕೇ ಎಳೆಯದು. ಅಂಥ ವೈರಿನಲ್ಲಿ ಫೈಲು ಹೋಗುತ್ತದೆ, ಹೋಗುವುದು ಹತ್ತರಲ್ಲಿ ಒಂದು ಪಾಲು ವೇಗದಲ್ಲಿ. ಪ್ಲಗ್ಗಿನಲ್ಲಿ ನಾಲ್ಕು ಮನೆ ಖಾಲಿ ಉಳಿದದ್ದನ್ನು ಅವನು ತನ್ನ ಕೈಯಾರೆ ಎಳೆಗಳನ್ನು ಅದರೊಳಗೆ ಒತ್ತುವಾಗಲೇ ನೋಡಿದ್ದ. ಕಂಪನಿಯವರು ಸುಮ್ಮನೆ ಹೆಚ್ಚಿಗೆ ಇಟ್ಟಿರುತ್ತಾರೆ ಎಂದುಕೊಂಡಿದ್ದನಂತೆ.

ಸೌಂದರ್ಯ ಆ ತುದಿಯನ್ನು ಅವನ ಕೈಗೆ ಕೊಟ್ಟಳು. ಅವಳ ದನಿ ಏರಲಿಲ್ಲ.

"ಮಿಕ್ಸಿ ಬೈದ್ರಿ, ಕಲ್ಲಪ್ಪನ್ನ ಬೈದ್ರಿ, ನನ್ನ ಕೈ ನಿಧಾನ ಅಂತ ಊರಿಗೆಲ್ಲ ಹೇಳಿದ್ರಿ. ಈಗ ಇದನ್ನೂ ಒಂದ್ಸಲ ಬೈರಿ."

ಅವನು ತುದಿಯನ್ನು ಕೆಳಗೆ ಬಿಟ್ಟು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತ. ನನಗೆ ಒಂದು ಗಳಿಗೆ ಅಯ್ಯೋ ಅನಿಸಿತು, ಸುಳ್ಳು ಹೇಳುವುದಿಲ್ಲ. ಅಷ್ಟರಲ್ಲಿ ಅವನು, ಈಗಿನ ಕಾಲದಲ್ಲಿ ಗೋದಾಮಿಗೆ ಎಂಥ ಕಳಪೆ ವೈರು ಹಾಕುತ್ತಾರೆ ನೋಡಿ ಎಂದು ನನಗೇ ಹೇಳತೊಡಗಿದ. ಅಯ್ಯೋ ಅನಿಸಿದ್ದು ಹೋಯಿತು.

ಮರುದಿನ ಸೌಂದರ್ಯ ತಾನೇ ಕಲ್ಲಪ್ಪನ ಮನೆಗೆ ಹೋಗಿ ಕರೆದಳು. ಅವಳ ಮಾತಿಗೆ ಅವನು ಬಂದ. ಎಂಟೆಳೆಯ ಹೊಸ ವೈರನ್ನು ಗೋಡೆಯ ಹೊರಗಿನಿಂದಲೇ, ಕಿಟಕಿಯ ಸರಳಿನ ಮೂಲಕ ಮೇಲಕ್ಕೆ ಎಳೆದು ಕೊಟ್ಟ. ಏಣಿ ಹಿಡಿದದ್ದು ಸಿದ್ಧಲಿಂಗೇಶ. ತಪ್ಪಾಯಿತು ಎನ್ನಲು ಬೇಕಾದಷ್ಟು ಹೊತ್ತಿತ್ತು. ಇವನು ಏಣಿಯ ಕಾಲು ಅಲುಗುತ್ತಿದೆ ಎಂದು ಏಣಿಯನ್ನು ಬೈದುಕೊಂಡು ನಿಂತಿದ್ದ.

ಮಮತಾಳ ವಿಡಿಯೋ ಆ ವಾರವೇ ತಯಾರಾಯಿತು. ಸೌಂದರ್ಯ ವರದಮ್ಮನ ಅಣ್ಣ ಕಾಣಿಸಿಕೊಂಡ ಕಡೆಯೆಲ್ಲ ಕತ್ತರಿ ಹಾಕದೆ ಉಳಿಸಿದ್ದಳು. ತಾನೇ ಸೊರಬದ ಬಸ್ಸು ಹತ್ತಿ ಕೊಟ್ಟು ಬಂದಳು. ಅಣ್ಣ ಎಲೆಗೆ ಬಡಿಸುವವರಿಗೆ ತಮಾಷೆ ಮಾಡುತ್ತ ನಗುವ ಜಾಗ ಬಂದಾಗ, ವರದಮ್ಮ ಟೀವಿಯ ಹತ್ತಿರ ಹೋಗಿ ನೆಲದ ಮೇಲೆ ಕೂತಳಂತೆ. ಮುಗಿದ ಮೇಲೆ, ಇನ್ನೊಮ್ಮೆ ಹಾಕು ತಂಗಿ ಎಂದಳಂತೆ.

ಈಗ ಪೆಟ್ಟಿಗೆ ಸೌಂದರ್ಯಳ ಕೋಣೆಯಲ್ಲಿದೆ; ಅವನು ತೆಗೆದ ವಿಡಿಯೋ ಕೆಳಗಿನಿಂದ ಹೊಸ ವೈರಿನಲ್ಲಿ ಮೇಲಕ್ಕೆ ಹೋಗುತ್ತದೆ. ಯಾವ ಮದುವೆಯ ಕೆಲಸ ಒಪ್ಪಬೇಕು, ಯಾರಿಗೆ ಯಾವಾಗ ವಿಡಿಯೋ ಕೊಡಬೇಕು ಎಂಬುದನ್ನು ಅವಳೇ ಹೇಳುತ್ತಾಳೆ. ಗಿರಾಕಿಗಳ ಫೋನು ಬಂದರೆ ಸಿದ್ಧಲಿಂಗೇಶ, "ಮೇಡಂ ಹತ್ರ ಕೇಳಿ ಹೇಳ್ತೀನ್ರೀ" ಎನ್ನುವುದು ರಸ್ತೆಯ ಈಚೆಗೂ ಕೇಳುತ್ತದೆ. ಮೇಡಂ ಯಾರು ಎಂದು ಹೊಸಬರು ಕೇಳಿದರೆ, ನಮ್ಮ ಸ್ಟುಡಿಯೋದ ಎಡಿಟರ್ ಎನ್ನುತ್ತಾನೆ.