ಎರಡನೇ ದಿನದ ಖಾನೆ

ಬೆಳಗಿನ ಐದೂವರೆ. ಹೆರಿಗೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದೇ ಟ್ಯೂಬ್‌ಲೈಟ್ ಉರಿಯುತ್ತಿದೆ. ಅರವತ್ತರ ಹತ್ತಿರದ ಹೆಂಗಸೊಬ್ಬರು ಕಾವುಪೆಟ್ಟಿಗೆಯ ಬಾಗಿಲು ತೆರೆದು ಕೆಳಗಿನ ಖಾನೆಯಿಂದ ಅಂಗೈಯಗಲದ ಪ್ಲೇಟೊಂದನ್ನು ಹೊರತೆಗೆಯುತ್ತಾರೆ. ಅದರಲ್ಲಿ ರಕ್ತ ಬೆರೆಸಿ ಗಟ್ಟಿಯಾಗಿಸಿದ ಕೆಂಪು ಪದರ. ಬೆಳಕಿಗೆ ಓರೆಯಾಗಿ ಹಿಡಿಯುತ್ತಾರೆ, ಕನ್ನಡಕ ಹಣೆಗೇರಿಸಿ ಬರಿಗಣ್ಣಲ್ಲಿ ನೋಡುತ್ತಾರೆ. ಏನೂ ಇಲ್ಲ. ಇನ್ನೊಂದು. ಅದರಲ್ಲೂ ಇಲ್ಲ. ಹನ್ನೊಂದನೆಯದರ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಬೂದು ಚುಕ್ಕೆ; ಸುತ್ತ ಕೆಂಪು ಕರಗಿ ಮೂಡಿದ ತೆಳ್ಳನೆಯ ಉಂಗುರ.

"ಬಂದ್ಯಾ," ಎನ್ನುತ್ತಾರೆ, ತಡವಾಗಿ ಬಂದ ನೆಂಟನನ್ನು ಕೇಳುವ ಹಾಗೆ.

ಆಸ್ಪತ್ರೆಯಲ್ಲಿ ಇವರ ಹೆಸರು 'ನಾಳೆ ಅಕ್ಕ'. ಪ್ರಯೋಗಾಲಯದ ತಂತ್ರಜ್ಞೆಯಾಗಿ ಮೂವತ್ತನಾಲ್ಕು ವರ್ಷ. ತಿಂಗಳು ತುಂಬುತ್ತಿರುವ ಹದಿನಾಲ್ಕು ಹದಿನೈದು ಗರ್ಭಿಣಿಯರ ಒಳಗಿನಿಂದ ಹತ್ತಿಯಲ್ಲಿ ಒರೆಸಿ ತಂದ ಮಾದರಿಗಳು ದಿನವೂ ಇವರ ಮೇಜಿಗೆ ಬರುತ್ತವೆ. ಪ್ಲೇಟಿಗೆ ಸವರಿ ಒಂದು ದಿನ ಕಾವಿಗಿಡುತ್ತಾರೆ. ಏನೂ ಬೆಳೆಯದಿದ್ದರೆ ಬೇರೆಯವರು ಬಿಸಾಡುತ್ತಾರೆ. ಇವರು ಕೆಳಗಿನ ಖಾನೆಗೆ ಇಳಿಸಿ, "ನಾಳೆ ನೋಡೋಣ" ಎನ್ನುತ್ತಾರೆ. ಬರುವ ಒಂದನೇ ತಾರೀಖಿಗೆ ಆ ಖಾನೆ ಇವರ ಕೈ ತಪ್ಪಲಿದೆ. ಆಪರೇಷನ್ ಕೋಣೆಯ ಮಾದರಿಗಳಿಗೆ ಜಾಗ ಸಾಲುತ್ತಿಲ್ಲವಂತೆ.

"ಮನೇಲೂ ಇದೇ ಪಾಡು," ಎನ್ನುತ್ತಾರೆ ಗಂಡ, ನಿವೃತ್ತ ಬಸ್ ಡ್ರೈವರ್. "ಹಾಲು ಉಕ್ತಾ ಇದೆ ಕಣೇ ಅಂದ್ರೂ ಬಗ್ಗಿ ನೋಡ್ತಾ ನಿಂತಿರ್ತಾಳೆ."

ಸೂಕ್ಷ್ಮದರ್ಶಕದಲ್ಲಿ ಅಕ್ಕ ತೋರಿಸುವುದು ಒಂದು ಜನಸಂದಣಿ. ಉದ್ದನೆಯ ಕಡ್ಡಿಗಳಂಥ ಸೂಕ್ಷ್ಮಾಣುಗಳೇ ಹೆಚ್ಚು. ಹಾಲನ್ನು ಹೆಪ್ಪುಗಟ್ಟಿಸುವವುಗಳ ದಾಯಾದಿಗಳು. "ಇವರು ಮನೆಯವರು. ಬಸುರಿನಲ್ಲಿ ಇನ್ನೂ ಜಾಸ್ತಿ ಆಗ್ತಾರೆ, ಬಾಗಿಲು ಕಾಯ್ತಾರೆ." ಗಾಜನ್ನು ಬದಲಿಸುತ್ತಾರೆ. ಈಗ ಆ ಬೂದು ಚುಕ್ಕೆಯಿಂದ ಬಂದ, ಮಣಿಸರದಂತೆ ಪೋಣಿಸಿಕೊಂಡ ದುಂಡನೆಯವು. "ಇವರು ನೆಂಟರು. ಇರ್ತಾರೆ, ಹೋಗ್ತಾರೆ. ತಾಯಿಗೆ ಸಾಮಾನ್ಯವಾಗಿ ಗೊತ್ತೇ ಆಗಲ್ಲ. ಮಗು ಹೊರಗೆ ಬರೋ ದಾರೀಲಿ ಅಪರೂಪಕ್ಕೆ ಯಾವುದೋ ಒಂದು ಮಗೂನ ಹಿಡ್ಕೊಂಡುಬಿಡ್ತಾರೆ." ಇದ್ದಾರೆಂದು ಮೊದಲೇ ತಿಳಿದರೆ ಹೆರಿಗೆ ನೋವು ಶುರುವಾದಾಗ ಒಂದು ಇಂಜೆಕ್ಷನ್ ಸಾಕು. ತಿಳಿಯಬೇಕು, ಅಷ್ಟೆ.

ಹನ್ನೊಂದನೇ ಪ್ಲೇಟಿನ ಹುಡುಗಿ ಮೂರನೇ ಮಹಡಿಯ ವಾರ್ಡಿನಲ್ಲಿದ್ದಾಳೆ. ವರದಿ ಕಳಿಸಿದರೆ ಸಾಕಾಗಿತ್ತು, ಅಕ್ಕ ತಾವೇ ಮೆಟ್ಟಿಲು ಹತ್ತುತ್ತಾರೆ. ಮಂಚದ ಪಕ್ಕ ಅತ್ತೆ ಕೂತಿದ್ದಾರೆ.

"ಏನೋ ಗಲೀಜು ಅಂತಲ್ಲ," ಎನ್ನುತ್ತಾರೆ ಅತ್ತೆ, ಸೊಸೆಯ ಕಡೆ ನೋಡದೆ.

"ಗಲೀಜಲ್ಲ ತಾಯಿ. ತೊಳೆದರೆ ಹೋಗೋದಲ್ಲ, ತೊಳೀದೇ ಇದ್ರೆ ಬರೋದೂ ಅಲ್ಲ. ನಿಮ್ಮಲ್ಲೂ ಇದ್ದಿರಬಹುದು."

"ನನ್ನಲ್ಲಾ?"

"ನನ್ನಲ್ಲೂ."

ಅತ್ತೆ ಸೆರಗು ಸರಿಮಾಡಿಕೊಂಡು ಕಿಟಕಿಯಾಚೆ ನೋಡುತ್ತಾರೆ. ಹುಡುಗಿ ಮುಖ ತಗ್ಗಿಸಿ ಕಣ್ಣೊರೆಸಿಕೊಳ್ಳುತ್ತಾಳೆ. ಅಕ್ಕ ನರ್ಸಿನ ಕೈಗೆ ಚೀಟಿ ಕೊಟ್ಟು, ಕಡತಕ್ಕೆ ಅಂಟಿಸುವವರೆಗೂ ಕದಲುವುದಿಲ್ಲ.

ತಾವೇ ಹತ್ತಿ ಬರುವ ಕಾರಣವನ್ನು ಅವರು ಹೇಳುವುದು ಇಳಿಯುವ ಮೆಟ್ಟಿಲ ಮೇಲೆ. ಇಪ್ಪತ್ತಾರು ವರ್ಷದ ಹಿಂದಿನ ಒಂದು ಶನಿವಾರ. ಮೊದಲ ದಿನದ ಪ್ಲೇಟುಗಳಲ್ಲಿ ಏನೂ ಇರಲಿಲ್ಲ. ಎಲ್ಲ ವರದಿಗಳಿಗೂ 'ಸಹಜ' ಎಂಬ ಮುದ್ರೆ ಒತ್ತಿ, ಪ್ಲೇಟುಗಳನ್ನು ಚೀಲಕ್ಕೆ ಹಾಕಿದರು. ಅವನ್ನು ಬೇಯಿಸಿ ಬಿಸಾಡುವ ಯಂತ್ರ ಅಂದು ಕೆಟ್ಟಿತ್ತು. ಚೀಲ ಅಲ್ಲೇ ಉಳಿಯಿತು. ಸೋಮವಾರ ಎತ್ತಿದಾಗ ಪ್ಲಾಸ್ಟಿಕ್ಕಿನೊಳಗಿಂದ ಒಂದು ಪ್ಲೇಟು ಕಂಡಿತು. ತುಂಬ ಉಂಗುರಗಳು.

"ಓಡಿ ಹೋದೆ. ಮಂಚ ಖಾಲಿ. ಮಗು ಹುಟ್ಟಿದ್ದು ಭಾನುವಾರ ಸಂಜೆ, ಹೋಗಿದ್ದು ಸೋಮವಾರ ನಸುಕಿಗೆ. ಅವಳ ಅತ್ತೆ ವಾರ್ಡಿನ ಹೊರಗೆ ನಿಂತು, ಇವಳು ಶುಚಿಯಾಗಿರಲಿಲ್ಲ, ಅದಕ್ಕೇ ಹೀಗಾಯ್ತು ಅಂತ ಎಲ್ಲರಿಗೂ ಹೇಳ್ತಿದ್ದಳು. ಆ ಹುಡುಗಿ ಗೋಡೆಗೆ ಒರಗಿ ಕೇಳಿಸ್ಕೊಳ್ತಿದ್ದಳು. ನಾನು ಬಾಯಿ ಬಿಡ್ಲಿಲ್ಲ."

ಪ್ರಯೋಗಾಲಯದ ಮುಖ್ಯಸ್ಥರು, ಮೊದಲ ದಿನ ಬೆಳೆದಿರಲಿಲ್ಲವಲ್ಲ, ನಿನ್ನ ತಪ್ಪೇನಿಲ್ಲ ಎಂದರಂತೆ. "ಬೈದಿದ್ರೆ ಹಗುರಾಗ್ತಿತ್ತು."

ಮರುದಿನದಿಂದ ಕೆಳಗಿನ ಖಾನೆ ಶುರುವಾಯಿತು. ಯಾರೂ ಆದೇಶ ಕೊಟ್ಟಿರಲಿಲ್ಲ. ಹಾಗಾಗಿ ತೆಗೆಯುವುದಕ್ಕೂ ಆದೇಶ ಬೇಕಿಲ್ಲ.

ಹನ್ನೊಂದು ಗಂಟೆಗೆ ಆಡಳಿತಾಧಿಕಾರಿ ಕೆಳಗಿಳಿದು ಬರುತ್ತಾರೆ. ಕೆಟ್ಟ ಮನುಷ್ಯರಲ್ಲ, ಸ್ಟೂಲು ಎಳೆದುಕೊಂಡು ಕೂರುತ್ತಾರೆ.

"ಕಳೆದ ವರ್ಷ ಎರಡನೇ ದಿನ ಸಿಕ್ಕಿದ್ದು ಎಷ್ಟಕ್ಕಾ?"

"ಇಪ್ಪತ್ಮೂರು."

"ಆ ಮಕ್ಕಳು?"

"ಚೆನ್ನಾಗಿದಾವೆ, ಎಲ್ಲಾ."

"ನೀವು ನೋಡದೇ ಇದ್ದಿದ್ರೆ ಎಷ್ಟು ಹೋಗ್ತಿತ್ತು?"

ಅಕ್ಕ ಕೈಯಲ್ಲಿದ್ದ ಪ್ಲೇಟನ್ನು ಮೇಜಿನ ಮೇಲಿಡುತ್ತಾರೆ. "ಒಂದೂ ಹೋಗ್ತಿರ್ಲಿಲ್ವೇನೋ. ಒಂದು ಹೋಗ್ತಿತ್ತೇನೋ. ಆಗದೇ ಇದ್ದದ್ದನ್ನ ಎಲ್ಲಿಂದ ಎಣಿಸಿ ತರ್ಲಿ ಸಾರ್?"

"ಅದೇ ನೋಡಿ ನನಗೂ ಕಷ್ಟ. ಮೇಲಿನವರಿಗೆ ಏನಂತ ಬರೀಲಿ?"

ಅಧಿಕಾರಿ ಗೋಡೆಯ ಕ್ಯಾಲೆಂಡರಿನಲ್ಲಿ ಒಂದನೇ ತಾರೀಖಿಗೆ ಪೆನ್ನಿನಿಂದ ಸುತ್ತು ಹಾಕುತ್ತಾರೆ. ಅಕ್ಕ ಮೇಜಿನ ಡ್ರಾಯರಿನಿಂದ, ಹಿಡಿ ಸವೆದ ರಬ್ಬರ್ ಮುದ್ರೆಯನ್ನು ತೆಗೆದು ಅವರ ಮುಂದೆ ತಳ್ಳುತ್ತಾರೆ.

"ಖಾನೆ ತಗೊಳ್ಳಿ ಸಾರ್. ಇದನ್ನೂ ತಗೊಂಡು ಹೋಗಿ. 'ಸಹಜ' ಅಂತ ಇನ್ನು ಒತ್ತೋಕೆ ಆಗಲ್ಲ. 'ಒಂದೇ ದಿನ ನೋಡಿದ್ದೇವೆ, ಕಾಣಲಿಲ್ಲ' ಅಂತ ಹೊಸದು ಮಾಡಿಸಿಕೊಡಿ. ಅದನ್ನ ಓದಿದ ಡಾಕ್ಟರು ಮಗೂ ಮೇಲೆ ಒಂದು ಕಣ್ಣಾದರೂ ಇಟ್ಟಿರ್ತಾರೆ."

ಅಧಿಕಾರಿ ನಗುತ್ತಾರೆ. "ಅಷ್ಟುದ್ದ ಮುದ್ರೆ ಯಾರಕ್ಕಾ ಮಾಡ್ತಾರೆ?"

"ಮಾಡದಿದ್ರೆ ಬಿಡಿ, ಕೈಯಲ್ಲೇ ಬರೀತೀನಿ. ದಿನಕ್ಕೆ ಹದಿನೈದು ತಾನೆ. ನನ್ನ ಸರ್ವೀಸು ಇನ್ನೂ ನಾಲ್ಕು ತಿಂಗಳಿದೆ."